ಮಳೆಗಾಲದ ರಾತ್ರಿ, ಸುಮ್ಮನಿರದ ಕಾಲು

ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಕಾಫಿಯ ಬೋರರ್ ಹುಳ, ಗೊಬ್ಬರದ ದಾಸ್ತಾನು, ಸಾಲದ ಬಾಕಿ: ಈ ನಾಲ್ಕನ್ನು ಬಿಟ್ಟು ಬೇರೇನೂ ಬರೆಯದ ಸಂಘದ ಕಾರ್ಯದರ್ಶಿ ಈ ಸಂಚಿಕೆಯಲ್ಲಿ ಕಾಲಿನ ವಿಷಯ ಎತ್ತಿಕೊಂಡಿರುವುದನ್ನು ಕಂಡು ಸದಸ್ಯ ಬಂಧುಗಳಿಗೆ ಆಶ್ಚರ್ಯವಾಗಬಹುದು. ಆದರೆ ಮಳೆಗಾಲದಲ್ಲಿ ಸಂಘದ ಜಗಲಿಯ ಮೇಲೆ ನಾನು ಕೇಳುವ ದೂರುಗಳಲ್ಲಿ, ಧಾರಣೆಯ ದೂರನ್ನು ಬಿಟ್ಟರೆ, ಪದೇ ಪದೇ ಕಿವಿಗೆ ಬೀಳುವುದು ಇದು: "ಆರಿದ್ರಾ ಮಳೆ ಹಿಡಿದ ಮೇಲೆ ರಾತ್ರಿ ಕಾಲು ಮಲಗಲು ಬಿಡುವುದಿಲ್ಲ ಮಾರಾಯ್ರೇ."

ನೋವೇ ಎಂದು ಕೇಳಿದರೆ ನೋವಲ್ಲ ಎನ್ನುತ್ತಾರೆ. ಉರಿಯೇ? ಅದೂ ಅಲ್ಲ. ಮೀನಖಂಡದ ಒಳಗೆ ಇರುವೆ ಹರಿದಂತೆ, ಯಾರೋ ಒಳಗಿನಿಂದ ದಾರ ಹಿಡಿದು ಎಳೆದಂತೆ. ಕಾಲು ಆಡಿಸದಿದ್ದರೆ ಪ್ರಾಣ ಹೋದೀತು ಎನ್ನುವಂತಹ ಚಡಪಡಿಕೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ, ಮತ್ತೆ ಮಲಗಿದರೆ ಹಾಜರು. ನನಗೂ ಹತ್ತು ವರ್ಷಗಳಿಂದ ಇದು ಇದೆ. "ಮಳೆ ಬಂತು, ನಿಮ್ಮ ಕವಾಯತು ಶುರುವಾಯಿತು" ಎಂದು ನನ್ನ ಮನೆಯವರು ಚಾವಡಿಯಲ್ಲಿ ಬೇರೆ ಹಾಸಿಗೆ ಹಾಸಿಕೊಟ್ಟದ್ದೂ ಉಂಟು.

ಇದಕ್ಕೆ ವೈದ್ಯರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರು ಹೊಸದೆನಿಸಿದರೂ ಕಾಯಿಲೆ ಹಳೆಯದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟಿದ್ದಾನೆ. ಈ ಹೆಸರು ಬಳಕೆಗೆ ಬಂದದ್ದು ಸ್ವೀಡನ್ನಿನ ನರವೈದ್ಯ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಬೆಂಗಳೂರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 2 ಜನರಲ್ಲಿ ಇದು ಕಂಡುಬಂದಿತ್ತು. ನಮ್ಮ ಸಂಘದ ಜಗಲಿಯ ಲೆಕ್ಕ ಅದಕ್ಕಿಂತ ಹೆಚ್ಚೇ ಇದೆ. ಆದರೆ ಜಗಲಿಯ ಮೇಲೆ ಕೂರುವವರು ಐವತ್ತು ದಾಟಿದವರು, ಈ ಕಾಯಿಲೆಯೂ ವಯಸ್ಸಾದಂತೆ ಹೆಚ್ಚುವಂಥದ್ದು.

ಮಳೆಗೂ ಕಾಲಿಗೂ ಏನು ಸಂಬಂಧ ಎಂಬುದೇ ಈ ಲೇಖನದ ವಿಷಯ. ಸಂಬಂಧ ಇದ್ದೇ ಇದೆ ಎಂದು ನಾನು ಹಟ ಹಿಡಿದಿದ್ದೆ. ಅದನ್ನು ಮನೆಯವರೆದುರು ಸಾಧಿಸಿ ತೋರಿಸುವುದಕ್ಕಾಗಿ 2024ರ ಜೂನ್ ಒಂದರಿಂದ ತೋಟದ ಮಳೆ ಪುಸ್ತಕದಲ್ಲಿ ಇಂಚು, ಸೆಂಟುಗಳ ಪಕ್ಕಕ್ಕೆ ಇನ್ನೊಂದು ಅಂಕಣ ಎಳೆದೆ. ಕಾಲು ಕಾಡಿದ ರಾತ್ರಿಗೆ ಒಂದು ಗೀಟು, ಎದ್ದು ಓಡಾಡಿದ ರಾತ್ರಿಗೆ ಎರಡು ಗೀಟು, ಬೆಳಗಾಗುವವರೆಗೆ ಬಿಡದಿದ್ದರೆ ಮೂರು. ಒಂದು ವರ್ಷ ಪೂರ್ತಿ ಬರೆದೆ.

ಫಲಿತಾಂಶ ನನ್ನ ಹಟಕ್ಕೆ ಅನುಕೂಲವಾಗಿ ಬರಲಿಲ್ಲ. ಮಳೆಗಾಲದಲ್ಲಿ ಗೀಟುಗಳು ಹೆಚ್ಚು ಎಂಬುದೇನೋ ನಿಜ. ಆದರೆ ಪುನರ್ವಸು ಮಳೆಯಲ್ಲಿ, ಒಂದೇ ದಿನಕ್ಕೆ ನಮ್ಮಲ್ಲಿ 8 ಇಂಚು 40 ಸೆಂಟು ಸುರಿದ ದಿನ, ಗೀಟೇ ಇಲ್ಲ! ಅಂದು ಮರ ಬಿದ್ದು ಕರೆಂಟು ಹೋಗಿ, ತೋಟದ ಬಸಿಗಾಲುವೆ ಕಟ್ಟಿಕೊಂಡು, ಬೆಳಗಿನಿಂದ ಸಂಜೆಯ ತನಕ ಆಳುಗಳ ಜೊತೆ ನಾನೂ ಓಡಾಡಿದ್ದೆ. ಮರುದಿನ ಮಳೆ ಅರ್ಧಕ್ಕಿಳಿಯಿತು. ನಾನು ಇಡೀ ದಿನ ಸಂಘದ ಲೆಕ್ಕಪತ್ರದ ಮುಂದೆ ಕುಳಿತೆ. ರಾತ್ರಿ ಎರಡು ಗೀಟು. ಡಿಸೆಂಬರಿನಲ್ಲಿ, ಒಂದು ಹನಿ ಮಳೆಯಿಲ್ಲದಾಗ, ಅಡಿಕೆ ಸುಲಿಯುವ ವಾರಗಳಲ್ಲಿ ಗೀಟು. ಏಪ್ರಿಲಿನ ಸೆಕೆಯಲ್ಲಿ, ಹೂಮಳೆ ಬಾರದೆ ಸ್ಪ್ರಿಂಕ್ಲರ್ ಕಾಯುತ್ತ ನಿದ್ದೆಗೆಟ್ಟ ರಾತ್ರಿಗಳಲ್ಲಿ ಗೀಟು. ವರ್ಷದ ಅತಿ ಕೆಟ್ಟ ರಾತ್ರಿಯಂದು ಆಕಾಶ ತಿಳಿಯಾಗಿತ್ತು. ಅಂದು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆ. ತಿರುವಿನ ದಾರಿಗೆ ಹೊಟ್ಟೆ ತೊಳಸದಿರಲಿ ಎಂದು ಮಾತ್ರೆಯೊಂದನ್ನು ನುಂಗಿದ್ದೆ. ಆ ಮಾತ್ರೆಯ ವಿಚಾರ ಮುಂದೆ ಬರುತ್ತದೆ.

ಒಬ್ಬ ಮನುಷ್ಯನ ಒಂದು ವರ್ಷದ ಗೀಟುಗಳನ್ನು ಶಾಸ್ತ್ರವೆನ್ನಲಾಗದು. ಆದರೂ ಅದು ತೋರಿಸಿದ್ದು ಇಷ್ಟು: ಮಳೆ ನೇರವಾಗಿ ಕಾಲಿಗಿಳಿಯುವುದಿಲ್ಲ. ಮಳೆ ನಮ್ಮ ದಿನಚರಿಯನ್ನು ಬದಲಿಸುತ್ತದೆ, ಆ ದಿನಚರಿ ಕಾಲನ್ನು ಕಾಡುತ್ತದೆ. ನಾನಿದನ್ನು ಅರಿಯಲು ಒಂದು ಅಚಾತುರ್ಯ ನಡೆಯಬೇಕಾಯಿತು, ಅದೂ ನನ್ನ ಕೈಯಿಂದಲೇ.

ನಮ್ಮಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸಕ್ಕೆ ಬರುವ ಹೆಂಗಸೊಬ್ಬರಿದ್ದಾರೆ, ನಲವತ್ತೈದರ ಆಸುಪಾಸು. ಆ ವರ್ಷದ ಜುಲೈಯಲ್ಲಿ ಅವರು ಬಂದು, "ರಾತ್ರಿ ಮಲಗಕ್ಕೆ ಆಗಲ್ಲ ಅಯ್ಯಾ, ಕಾಲು ಒಳಗಿಂದ ಎಳೆದಂಗೆ ಆಗ್ತದೆ. ಉಂಬಳ ಕಚ್ಚಿದ್ದು ತುರಿಕೆ ಬೇರೆ" ಎಂದರು. ಕಚೇರಿಯ ಔಷಧದ ಡಬ್ಬಿಯಲ್ಲಿ ತುರಿಕೆಗೆಂದು ಇಟ್ಟಿದ್ದ ಫೆನಿರಮೈನ್ ಮಾತ್ರೆಗಳಿದ್ದವು. ತುರಿಕೆ ನಿಲ್ಲುತ್ತದೆ, ನಿದ್ದೆಯೂ ಬರುತ್ತದೆ, ಒಂದು ಕಲ್ಲಿಗೆ ಎರಡು ಹಣ್ಣು ಎಂದುಕೊಂಡು ನಾಲ್ಕು ಮಾತ್ರೆ ಕೊಟ್ಟೆ. ನಾಲ್ಕು ದಿನ ಬಿಟ್ಟು ಬಂದು, ಕಾಲಿನದ್ದು ಜಾಸ್ತಿಯಾಗಿದೆ ಎಂದರು. ಮಳೆ ಜಾಸ್ತಿಯಾಗಿದೆಯಲ್ಲ, ಹಾಗೇ ಇರುತ್ತದೆ ಎಂದು ಇನ್ನೊಂದು ಹಾಳೆ ಕೊಟ್ಟೆ. ಮೂರು ವಾರ ಹೀಗೆ ನಡೆಯಿತು. ರಾತ್ರಿಯೆಲ್ಲ ಜಗಲಿಯಲ್ಲಿ ಓಡಾಡಿ, ಬೆಳಗ್ಗೆ ಮಂಪರಿನಲ್ಲೇ ಕೆಲಸಕ್ಕೆ ಬರುತ್ತಿದ್ದ ಅವರು ಆಗಸ್ಟಿನ ಒಂದು ದಿನ ಹಾವಸೆ ಕಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು.

ಆಸ್ಪತ್ರೆಗೆ ನಾನೇ ಜೀಪಿನಲ್ಲಿ ಕರೆದೊಯ್ದೆ. ಕೈಗೆ ಪಟ್ಟಿ ಹಾಕಿದ ನಂತರ ಅಲ್ಲಿನ ಕಿರಿಯ ವೈದ್ಯೆಯೊಬ್ಬರು, ಹೇಗೆ ಬಿದ್ದಿರಿ, ನಿದ್ದೆ ಯಾಕಿಲ್ಲ ಎಂದು ಒಂದೊಂದಾಗಿ ಕೇಳಿದರು. ಕಾಲು ಆಡಿಸಬೇಕೆಂಬ ತಡೆಯಲಾಗದ ತುಡಿತ ಬರುತ್ತದೆಯೇ, ಸುಮ್ಮನೆ ಕೂತಾಗ ಮಲಗಿದಾಗ ಹೆಚ್ಚುತ್ತದೆಯೇ, ನಡೆದಾಡಿದರೆ ತಗ್ಗುತ್ತದೆಯೇ, ಹಗಲಿಗಿಂತ ಸಂಜೆ ರಾತ್ರಿ ಹೆಚ್ಚೇ? ನಾಲ್ಕಕ್ಕೂ ಹೌದು. ಆಮೇಲೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದರು. ಆ ಹೆಂಗಸು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ತುರಿಕೆಗೆ, ಶೀತಕ್ಕೆ ಕೊಡುವ ನಿದ್ದೆ ಬರಿಸುವ ಜಾತಿಯ ಮಾತ್ರೆಗಳು, ಅಂದರೆ ಫೆನಿರಮೈನ್, ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಪ್ರಯಾಣದ ವಾಂತಿಗೆ ನುಂಗುವ ಪ್ರೊಮೆಥಜೀನ್, ಈ ಚಡಪಡಿಕೆಯನ್ನು ಕೆರಳಿಸಬಲ್ಲವು. ವಾಂತಿ ನಿಲ್ಲಿಸುವ ಮೆಟೊಕ್ಲೋಪ್ರಮೈಡ್ ಕೂಡ ಹಾಗೆಯೇ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೂ ಹಾಗೆಯೇ. (ಈ ಕೊನೆಯವನ್ನು ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಕೂಡದು.) ನಮ್ಮ ಮಲೆನಾಡಿನಲ್ಲಿ ಶೀತ, ಕೆಮ್ಮು, ಉಂಬಳದ ತುರಿಕೆ ಎಲ್ಲವೂ ಬರುವುದು ಮಳೆಗಾಲದಲ್ಲಿ. ಅಂಗಡಿಯಿಂದ ಮಾತ್ರೆ ತರುವುದೂ ಆಗಲೇ. ಕಾಲು ಹಿಡಿದದ್ದು ಮಳೆಯಿಂದಲೋ ಮಾತ್ರೆಯಿಂದಲೋ ಎಂದು ಬೇರ್ಪಡಿಸಿ ನೋಡಿದವರು ನಮ್ಮಲ್ಲಿ ಯಾರಿದ್ದಾರೆ? ನಿದ್ದೆ ಬರಿಸದ ಬೇರೆ ಜಾತಿಯ ತುರಿಕೆ ಮಾತ್ರೆಗಳಿವೆ. ಕಾಲಿನ ತೊಂದರೆ ಇದೆಯೆಂದು ಬಾಯಿಬಿಟ್ಟು ಹೇಳಿದರೆ ವೈದ್ಯರು ಅವನ್ನೇ ಬರೆದುಕೊಡುತ್ತಾರೆ.

ಆದರೆ ಮಾತ್ರೆ ಹೊತ್ತಿದ್ದ ಬೆಂಕಿಗೆ ಎಣ್ಣೆಯಾಯಿತು ಅಷ್ಟೆ. ಬೆಂಕಿ ಬೇರೆಯೇ ಇತ್ತು. ರಕ್ತ ಪರೀಕ್ಷೆಯಲ್ಲಿ ಆಕೆಯ ಹಿಮೋಗ್ಲೋಬಿನ್ 7.8 ಎಂದು ಬಂತು. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಎಂಬ ಅಂಶ ಬರೀ 6. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳದ ಮೊಟ್ಟೆ.

ಕೊಕ್ಕೆಹುಳದ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಬರೆಯುತ್ತೇನೆ, ಏಕೆಂದರೆ ಕಾಫಿ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಯಲಿಗೆ ಹೋದ ಮಲದಲ್ಲಿನ ಮೊಟ್ಟೆಗಳು ನೆರಳು, ತೇವ, ಹದವಾದ ಬೆಚ್ಚಗೆ ಇರುವ ಮಣ್ಣಿನಲ್ಲಿ ಒಡೆದು, ವಾರ ಹತ್ತು ದಿನಗಳಲ್ಲಿ ಚರ್ಮ ಕೊರೆಯಬಲ್ಲ ಮರಿಗಳಾಗುತ್ತವೆ. ಬರಿಗಾಲಿನ ಬೆರಳಸಂದಿಯಲ್ಲಿ ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶಕ್ಕೂ ಅಲ್ಲಿಂದ ಗಂಟಲಿನ ದಾರಿಯಾಗಿ ಕರುಳಿಗೂ ಇಳಿದು, ಅಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತವೆ. ಒಂದು ಹುಳ ದಿನಕ್ಕೆ ಕುಡಿಯುವುದು ಒಂದು ಹನಿಯೂ ಆಗಲಾರದು. ಆದರೆ ಹುಳಗಳು ನೂರಾರಾದರೆ, ಮೇಲಾಗಿ ಆಕೆ ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ ಹೆಂಗಸಾದರೆ, ಕಬ್ಬಿಣದ ಖಜಾನೆ ಬರಿದಾಗಲು ಎಷ್ಟು ದಿನ ಬೇಕು? ನಾವು ಉಂಬಳವನ್ನು ಕಂಡು ಕಿರುಚುತ್ತೇವೆ, ಸುಣ್ಣ ಹೊಗೆಸೊಪ್ಪು ಹಚ್ಚುತ್ತೇವೆ. ಕಣ್ಣಿಗೆ ಕಾಣದ ಈ ಉಂಬಳ ಒಳಗೆ ಕುಳಿತಿರುವುದು ನಮಗೆ ಹೊಳೆಯುವುದಿಲ್ಲ.

ಕಬ್ಬಿಣಕ್ಕೂ ಕಾಲಿನ ಚಡಪಡಿಕೆಗೂ ಏನು ನಂಟು ಎಂದು ನಾನೂ ಕೇಳಿದೆ. ಸ್ವೀಡನ್ನಿನವನೇ ಆದ ನಾರ್ಡ್‌ಲ್ಯಾಂಡರ್ ಎಂಬ ವೈದ್ಯ 1953ರಲ್ಲೇ ರಕ್ತನಾಳಕ್ಕೆ ಕಬ್ಬಿಣ ಕೊಟ್ಟು ಇಂಥ ರೋಗಿಗಳನ್ನು ಗುಣಪಡಿಸಿದ್ದನ್ನು ವರದಿ ಮಾಡಿದ್ದಾನೆ. ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಡೋಪಮೈನ್ ಎಂಬ ರಾಸಾಯನಿಕದ ತಯಾರಿಗೆ ಕಬ್ಬಿಣ ಬೇಕು. ಮಿದುಳಿನ ಕಬ್ಬಿಣ ತಗ್ಗಿದರೆ ಆ ವ್ಯವಸ್ಥೆಯೇ ಹದಗೆಡುತ್ತದೆ. ಇದರ ಜೊತೆಗೆ ದಿನದ ಗಡಿಯಾರವೂ ಸೇರಿಕೊಳ್ಳುತ್ತದೆ: ಸಂಜೆಯಿಂದ ನಡುರಾತ್ರಿಯವರೆಗೆ, ಮೈ ಬಿಸಿ ಇಳಿಯುತ್ತ ಹೋಗುವ ಹೊತ್ತಿನಲ್ಲಿ ಚಡಪಡಿಕೆ ಏರುತ್ತದೆ; ಬೆಳಗಿನ ಜಾವ ತಾನಾಗಿ ಬಿಡುತ್ತದೆ. ಕೋಳಿ ಕೂಗುವಾಗ ಸುಖನಿದ್ದೆ ಬಂದು, ಅದೇ ಹೊತ್ತಿಗೆ ಆಳುಗಳು ಬಂದು ಬಾಗಿಲು ತಟ್ಟುವುದು ಇದಕ್ಕೇ.

ಮುಖ್ಯವಾದ ಒಂದು ಸಂಗತಿ: ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ಕಡಿಮೆಯಿರಬಹುದು. ಗಲ್ಲಾದಲ್ಲಿ ಹಣವಿದ್ದು ಬ್ಯಾಂಕಿನ ಠೇವಣಿ ಖಾಲಿಯಾದಂತೆ. ಈ ಕಾಯಿಲೆ ಇರುವ ವಯಸ್ಕರಿಗೆ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡಬಹುದೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯ 2025ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ 20, 30 ಎಂದಿದ್ದರೆ "ನಾರ್ಮಲ್" ಎಂದೇ ಅಚ್ಚಾಗಿರುವುದುಂಟು. ಕಾಲಿಗೆ ಅದು ಸಾಲದು. ಜ್ವರ, ಸೋಂಕು ಇದ್ದಾಗ ಈ ಅಂಕಿ ಸುಳ್ಳಾಗಿ ಮೇಲೇರುವುದರಿಂದ ಮಳೆಗಾಲದ ಜ್ವರದ ನಡುವೆ ಪರೀಕ್ಷೆ ಮಾಡಿಸಬಾರದು.

ಇನ್ನು ನಾವು ಬೆಳೆಯುವ ಬೆಳೆಯ ವಿಚಾರ. ಕಾರ್ಯದರ್ಶಿ ಸ್ಥಾನದಲ್ಲಿ ಕುಳಿತು ಇದನ್ನು ಬರೆಯಲು ಮುಜುಗರವಿದೆ, ಆದರೆ ಬರೆಯದಿದ್ದರೆ ತಪ್ಪಾದೀತು. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದವರ ದೇಹ ಹೀರಿಕೊಂಡ ಕಬ್ಬಿಣ ನೂರಕ್ಕೆ 39ರಷ್ಟು ತಗ್ಗಿತು. ಚಹಾ ಕುಡಿದವರಲ್ಲಿ ತಗ್ಗಿದ್ದು 64. (ಚಹಾ ತೋಟದವರು ಇದನ್ನು ಓದುವುದಿಲ್ಲವೆಂದು ನಂಬಿದ್ದೇನೆ.) ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ತೊಂದರೆಯಾಗಲಿಲ್ಲ, ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡಿತು. ಅಡಿಕೆಯ ಒಗರು ಕಬ್ಬಿಣದ ಕತ್ತಿಗೆ ತಾಗಿ ಕಪ್ಪಾಗುವುದನ್ನು ನೋಡದವರು ನಮ್ಮಲ್ಲಿಲ್ಲ. ಹೊಟ್ಟೆಯೊಳಗೂ ನಡೆಯುವುದು ಅದೇ ಬಗೆಯ ಆಟ: ಒಗರಿನ ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಮಳೆಗಾಲದಲ್ಲಿ ನಾವು ಗಂಟೆಗೊಂದು ಲೋಟ ಕಾಫಿ ಕುಡಿಯುವವರು; ರಾತ್ರಿ ಉಂಡು ಮತ್ತೊಂದು ಲೋಟ, ಮೇಲೊಂದು ಕವಳ. ಕಾಫಿಯ ಕೆಫೀನು ನಿದ್ದೆಗೂ ಅಡ್ಡಿ. ಚಳಿಗೆಂದು ಸಂಜೆ ಒಂದು ಗುಟುಕು ಬೇರೆ ಪಾನೀಯ ಏರಿಸುವವರಿಗೆ ಅದೂ ಕಾಲನ್ನು ಕೆರಳಿಸಬಹುದು. ಕಾಫಿ ಬಿಡಿ ಎಂದು ನಾನು ಹೇಳಲಾರೆ, ಹೇಳಿದರೆ ಆಡಳಿತ ಮಂಡಳಿ ನನ್ನನ್ನು ಬಿಡಿಸೀತು. ಹಗಲಿನಲ್ಲಿ, ಊಟದಿಂದ ದೂರವಿಟ್ಟು ಕುಡಿಯಿರಿ.

ಉಳಿದದ್ದು ಕೂರುವ ವಿಚಾರ. ಮಳೆ ಹಿಡಿದರೆ ಒಲೆಯ ಮುಂದೆ ಕೂರುತ್ತೇವೆ, ಅಡಿಕೆ ಸುಲಿಯಲು ಸಂಜೆಯಿಂದ ನಡುರಾತ್ರಿವರೆಗೆ ಮೆಟ್ಟುಗತ್ತಿಯ ಮೇಲೆ ಕೂರುತ್ತೇವೆ. ಕಾಯಿಲೆ ಏರುವ ಹೊತ್ತಿಗೇ ಕಾಲನ್ನು ಕಟ್ಟಿಹಾಕಿದಂತಾಯಿತು. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬಂದರೆ, ಮೀನಖಂಡವನ್ನು ನೀವಿ ಚಾಚಿದರೆ ಗುಣ ಕಾಣುತ್ತದೆ. ಹಂಡೆಯ ಬಿಸಿನೀರು ಕೆಲವರಿಗೆ ಹಿತ, ತಣ್ಣೀರು ಕೆಲವರಿಗೆ; ಅವರವರೇ ನೋಡಿಕೊಳ್ಳಬೇಕು. ಇನ್ನೊಂದು ಸೋಜಿಗವೆಂದರೆ, ಮನಸ್ಸು ಯಾವುದರಲ್ಲಾದರೂ ಮುಳುಗಿದ್ದರೆ ಕಾಲು ಸುಮ್ಮನಿರುತ್ತದೆ. ಮಳೆಗಾಲದ ತಾಳಮದ್ದಲೆಯಲ್ಲಿ ಅರ್ಥಧಾರಿ ಒಳ್ಳೆಯವನಾದರೆ ನಾನು ಮೂರು ಗಂಟೆ ಅಲ್ಲಾಡದೆ ಕೂರುತ್ತೇನೆ. ಸಾಧಾರಣದವನಾದರೆ ಹತ್ತು ನಿಮಿಷಕ್ಕೇ ಕಾಲು ವಿಮರ್ಶೆ ಶುರುಮಾಡುತ್ತದೆ.

ಹವೆಯದ್ದು ಏನೂ ಇಲ್ಲವೇ ಎಂದರೆ, ಇದೆ. ಆದರೆ ನಾವಂದುಕೊಂಡ ದಿಕ್ಕಿನಲ್ಲಿಲ್ಲ. ಈ ಕಾಯಿಲೆಯ ಹೆಸರನ್ನು ಜನ ಅಂತರ್ಜಾಲದಲ್ಲಿ ಯಾವ ತಿಂಗಳು ಹೆಚ್ಚು ಹುಡುಕುತ್ತಾರೆಂದು ಲೆಕ್ಕ ಹಾಕಿ 2013ರಲ್ಲಿ ಇಬ್ಬರು ಸಂಶೋಧಕರು ಪ್ರಕಟಿಸಿದರು. ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲೂ ಬೇಸಿಗೆಯಲ್ಲೇ ಹೆಚ್ಚು. ಋತು ತಿರುವುಮುರುವಾದ ಆಸ್ಟ್ರೇಲಿಯದಲ್ಲೂ ಅಲ್ಲಿನ ಬೇಸಿಗೆಯಲ್ಲೇ ಹೆಚ್ಚು. ಹುಡುಕಾಟವೆಲ್ಲ ಕಾಯಿಲೆಯೇ ಅಲ್ಲವಾದರೂ, ಚಳಿ ಮಳೆಯೇ ಇದಕ್ಕೆ ಮೂಲವಾಗಿದ್ದರೆ ಲೆಕ್ಕ ಹೀಗೆ ಬರುತ್ತಿರಲಿಲ್ಲ. ನನ್ನ ಏಪ್ರಿಲಿನ ಗೀಟುಗಳು ನೆನಪಾದವು.

ರಾತ್ರಿ ಕಾಲು ಹಿಡಿಯುವುದೆಲ್ಲ ಇದೇ ಅಲ್ಲ. ಮೀನಖಂಡ ಗಂಟುಕಟ್ಟಿ ಸೆಳೆಯುವುದು ಬೇರೆ, ಮಂಡಿಯ ವಾತ ಬೇರೆ, ಸಕ್ಕರೆ ಕಾಯಿಲೆಯವರ ಪಾದದ ಉರಿ ಮತ್ತು ಜೋಮು ಬೇರೆ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಮೂತ್ರಪಿಂಡ ಕೆಟ್ಟವರಲ್ಲೂ ಈ ಚಡಪಡಿಕೆ ಸಾಮಾನ್ಯ. ಬಸುರಿಯರಲ್ಲಿ ಸುಮಾರು ಐವರಿಗೊಬ್ಬರಿಗೆ ಬರುತ್ತದೆ, ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ಬಿಡುತ್ತದೆ; ಅವರನ್ನು "ಬಸುರಿ ಬಯಕೆ" ಎಂದು ತಮಾಷೆ ಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಯನ್ನೂ ಅಂಗಡಿಯಿಂದ ತಂದು ನುಂಗುವುದು ಬೇಡ, ಹೆಚ್ಚಾದರೆ ಅದೂ ವಿಷ. ಕಬ್ಬಿಣ ಸರಿಯಿದ್ದೂ ಕಾಡುವವರಿಗೆ ಗ್ಯಾಬಪೆಂಟಿನ್ ಮೊದಲಾದ ಔಷಧಗಳಿವೆ. ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಪ್ರಮಿಪೆಕ್ಸೋಲ್, ರೊಪಿನಿರೋಲ್ ಮಾತ್ರೆಗಳು ಮೊದಮೊದಲು ವರವೆನಿಸಿ, ವರ್ಷಗಳ ಮೇಲೆ ಅನೇಕರಲ್ಲಿ ಕಾಯಿಲೆಯನ್ನೇ ಹೆಚ್ಚಿಸಿ ಹಗಲಿಗೂ ಕೈಗಳಿಗೂ ಹರಡಿಸಿದ್ದರಿಂದ ಈಗ ಅವಕ್ಕೆ ಮೊದಲ ಮಣೆ ಇಲ್ಲ. ಯಾರಾದರೂ ಅವನ್ನು ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ ವೈದ್ಯರಲ್ಲಿ ಮಾತಾಡಿ.

ನನ್ನ ಕಥೆ: ಕೊಯ್ಲು ಮುಗಿಯಲಿ, ಮಾರಾಟ ಮುಗಿಯಲಿ ಎಂದು ಮುಂದೂಡುತ್ತ ಹೋಗಿ, 2025ರ ಜೂನಿನಲ್ಲಿ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 13.4, ಫೆರಿಟಿನ್ 28. ಐವತ್ತು ದಾಟಿದ ಗಂಡಸಿಗೆ ಕಬ್ಬಿಣ ತಗ್ಗಿದರೆ ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯೇ ನೋಡಲೇಬೇಕೆಂದು ವೈದ್ಯೆ ಪಟ್ಟು ಹಿಡಿದರು. ನೋಡಿಸಿದೆ, ಸಿಕ್ಕಿದ್ದು ಮೂಲವ್ಯಾಧಿ ಮಾತ್ರ. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದೆ. ಗೀಟುಗಳು ನಿಂತಿಲ್ಲ, ತೀರಾ ಕಡಿಮೆಯಾಗಿವೆ. ಹಾಸಿಗೆ ಚಾವಡಿಯಿಂದ ಒಳಗೆ ಬಂದಿದೆ.

ಆ ಹೆಂಗಸಿಗೆ ಹುಳದ ಔಷಧ ಕೊಟ್ಟು, ರಕ್ತನಾಳದ ಮೂಲಕ ಕಬ್ಬಿಣ ಏರಿಸಿದರು. ದೀಪಾವಳಿಯ ಹೊತ್ತಿಗೆ ರಾತ್ರಿ ನಿದ್ದೆ ಬರುತ್ತಿದೆ ಎಂದರು. ಮಣಿಕಟ್ಟು ಮಾತ್ರ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿದೆ. ಗಿಡದ ಕೊಂಬೆ ಬಗ್ಗಿಸಿ ಹಿಡಿಯಲು ಈಗ ಎಡಗೈಯನ್ನೇ ಬಳಸುತ್ತಾರೆ. ಕಚೇರಿಯ ಔಷಧದ ಡಬ್ಬಿಯ ಬೀಗದ ಕೈ ಈಗ ನನ್ನ ಬಳಿ ಇಲ್ಲ, ಮನೆಯವರ ಬಳಿ ಇದೆ.

ಲೈನಿನ ಮನೆಗಳಲ್ಲಿ ಶೌಚಾಲಯ ಇದೆಯೇ, ಇದ್ದರೆ ಅದಕ್ಕೆ ನೀರಿದೆಯೇ ಎಂದು ಮಳೆಗೆ ಮೊದಲು ಸದಸ್ಯರು ಒಮ್ಮೆ ಸ್ವತಃ ಹೋಗಿ ನೋಡಬೇಕೆಂದು ವಿನಂತಿ. ಸಂಘದ ಮಳಿಗೆಯಲ್ಲಿ ಗಂಬೂಟುಗಳಿವೆ. ಆದರೆ ಇದುವರೆಗೆ ತರಿಸಿದ್ದು 7ರಿಂದ 10ರ ಅಳತೆಯವು, ಅಂದರೆ ಗಂಡಸರವು. ತೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲುಗಳು ಹೆಂಗಸರವೆಂಬುದು ಖರೀದಿ ಪಟ್ಟಿ ಬರೆದ ನನಗೇ ಹೊಳೆದಿರಲಿಲ್ಲ. 4, 5, 6ರ ಅಳತೆ ಎಷ್ಟು ಜೊತೆ ಬೇಕೆಂದು ಮೇ 15ರ ಒಳಗೆ ಮಳಿಗೆಯ ಪುಸ್ತಕದಲ್ಲಿ ಬರೆಸಿದರೆ ಮೃಗಶಿರಾ ಮಳೆಗೆ ಮೊದಲು ತರಿಸಿಕೊಡಲಾಗುವುದು.